ನೂರಕ್ಕೆ ಅರವತ್ತೊಂದು ಇಲ್ಲೇ

ಮಂಗಳವಾರ ಮುಂಜಾನೆ ಚೌಡಾಪುರದ ಚಹಾದ ಅಂಗಡಿಯ ಮುಂದೆ ನಿಂತ ನಾಗಣ್ಣನಿಗೆ ತನ್ನ ಎಡಗೈಯನ್ನು ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ಬಲಗೈಯಲ್ಲಿ ಚಹಾದ ಕಪ್ಪು ಇತ್ತು. ಎಡಗೈ ಇಪ್ಪತ್ತಾರು ವರ್ಷ ಜೀಪಿನ ಕಿಟಕಿಯ ಮೇಲಿನ ಹಿಡಿಕೆಗೆ ಜೋತುಬಿದ್ದು ರೂಢಿಯಾದದ್ದು. ಈಗ ಕಿಸೆಗೆ ಹೋಗುತ್ತಿತ್ತು, ಹೊರಗೆ ಬರುತ್ತಿತ್ತು, ಕನ್ನಡಕ ಮುಟ್ಟುತ್ತಿತ್ತು, ಕೊನೆಗೆ ಬೆನ್ನ ಹಿಂದೆ ಹೋಗಿ ನಿಂತಾಗ ಯಾರದೋ ಮಣ್ಣಿಗೆ ಬಂದವನ ಹಾಗೆ ನಿಂತಿದ್ದೇನಲ್ಲ ಅನ್ನಿಸಿ ಮತ್ತೆ ಮುಂದೆ ತಂದ. ಜೀಪು ಹೋಗಿ ಆರು ತಿಂಗಳಾಗಿತ್ತು. ಶಹರ ರಸ್ತೆ ಪ್ರಾಧಿಕಾರವೆಂದಿದ್ದ ಆಫೀಸು ಶಹರ ಸಾರಿಗೆ ಪ್ರಾಧಿಕಾರವಾಗಿತ್ತು. ಒಂದು ಶಬ್ದ ಹೋಗಿ ಒಂದು ಶಬ್ದ ಬಂದಿತ್ತು, ಅಷ್ಟೇ. ಆದರೆ ಹೋದ ಶಬ್ದ ತನ್ನ ಜೊತೆ ಜೀಪು, ಡಾಂಬರಿನ ಟೆಂಡರು, ಗುತ್ತಿಗೆದಾರರ ನಮಸ್ಕಾರ ಎಲ್ಲವನ್ನೂ ಕಟ್ಟಿಕೊಂಡು ಹೋಗಿತ್ತು. ಹೊಸದಾಗಿ ಬಂದ ಆಯುಕ್ತೆ ಅನುರಾಧಾ ಮೇಡಂ ಮೊದಲ ದಿನವೇ, ಇನ್ನು ಮೇಲೆ ನಾವು ರಸ್ತೆಯ ಅಗಲ ಅಳೆಯುವುದಿಲ್ಲ, ಅದರ ಮೇಲೆ ಓಡಾಡುವ ಜನರನ್ನು ಎಣಿಸುತ್ತೇವೆ ಅಂದಿದ್ದರು. ರಸ್ತೆ ವಿಭಾಗದಲ್ಲಿ ಉಳಿದ ನಾಲ್ಕು ಜನ ಎಂಜಿನಿಯರುಗಳು ಪ್ರತಿ ಮಂಗಳವಾರ ಒಂದೊಂದು ಬಸ್ಸಿನಲ್ಲಿ ಹೋಗಿ ಬರಬೇಕು, ನೋಡಿದ್ದನ್ನು ಒಂದು ಪುಟ ಬರೆದುಕೊಡಬೇಕು. ಈ ವಾರ ನಾಗಣ್ಣನ ಪಾಲಿಗೆ ಅಫಜಲಪುರದ ರಸ್ತೆ ಬಂದಿತ್ತು, ನಸುಕಿನ ಬಸ್ಸಿಗೆ ಶಹರದಿಂದ ಇಲ್ಲಿಗೆ ಬಂದು ಇಳಿದಿದ್ದ. ಒಂಬತ್ತು ವರ್ಷದ ಹಿಂದೆ ಅದನ್ನು ಅಗಲ ಮಾಡಿಸಿದವನು ಅವನೇ. ಚಹಾದಂಗಡಿಯ ಮುದುಕ ಅವನನ್ನು ಗುರುತು ಹಿಡಿಯಲಿಲ್ಲ. ಆ ಮುದುಕನ ಹಳೆಯ ಅಂಗಡಿ ಇದ್ದದ್ದು ಈಗ ಡಿವೈಡರ್ ಇದ್ದಲ್ಲಿ. ಗುರುತು ಹಿಡಿಯದಿದ್ದದ್ದೇ ಒಳ್ಳೆಯದಾಯಿತು ಅಂದುಕೊಂಡು ನಾಗಣ್ಣ ಸಕ್ಕರೆ ಹೆಚ್ಚಾದ ಚಹಾವನ್ನು ಪೂರ್ತಿ ಕುಡಿದ.

ಇವತ್ತು ಮೂರಕ್ಕೆ ಮೀಟಿಂಗು. ಐದಕ್ಕೆ ಹೊಸ ಬಸ್ ಮಾರ್ಗಗಳ ಪಟ್ಟಿ ಮೇಲಿನವರಿಗೆ ಹೋಗುತ್ತದೆ. ಅದರಲ್ಲಿ ಏಳನೆಯ ಮಾರ್ಗ ಇರುವುದಿಲ್ಲ. ಅಫಜಲಪುರದಿಂದ ಹೊರಟು, ಶಹರದ ಬಸ್‌ಸ್ಟ್ಯಾಂಡಿನಲ್ಲಿ ಜನರನ್ನು ಇಳಿಸಿ ಹತ್ತಿಸುವ ತಾಪತ್ರಯವಿಲ್ಲದೆ, ದೊಡ್ಡ ದವಾಖಾನೆಯ ಮುಂದಿನಿಂದ ಹಾದು, ಕಡಗಂಚಿಯ ಮೇಲೆ ಆಳಂದಕ್ಕೆ ನೇರ ಹೋಗಬೇಕಾಗಿದ್ದ ಬಸ್ಸು ಅದು. ಅಂಥ ಬಸ್ಸು ಯಾರಿಗೂ ಬೇಕಿಲ್ಲವೆಂದು ಸರ್ವೆ ಹೇಳಿತ್ತು. ಸರ್ವೆ ಯಾಕೆ ಹಾಗೆ ಹೇಳಿತೆಂಬುದು ಆಫೀಸಿನಲ್ಲಿ ನಾಗಣ್ಣನೊಬ್ಬನಿಗೇ ಗೊತ್ತಿತ್ತು. ಗೊತ್ತಿದ್ದು ಹನ್ನೊಂದು ದಿನವಾಗಿತ್ತು, ಹನ್ನೊಂದು ದಿನದಿಂದ ಅವನು ಬಾಯಿ ಬಿಟ್ಟಿರಲಿಲ್ಲ.

ಎಂಟೂವರೆಯ ಬಸ್ಸು ಎಂಟೂ ಮುಕ್ಕಾಲಿಗೆ ಬಂತು. ಅದು ನಿಲ್ಲುವ ಮೊದಲೇ ಕಿಟಕಿಗಳೊಳಗೆ ಟವೆಲ್ಲು, ಚೀಲ, ಒಂದು ಬುತ್ತಿಯ ಗಂಟು ಬಿದ್ದು ಸೀಟುಗಳೆಲ್ಲ ಒಬ್ಬೊಬ್ಬರ ಹೆಸರಿಗೆ ಆಗಿಹೋದವು. ನಾಗಣ್ಣನಿಗೆ ಈ ಪದ್ಧತಿ ಮರೆತಿರಲಿಲ್ಲ. ಅಂದೋಲಾದಿಂದ ಜೇವರ್ಗಿಯ ಹೈಸ್ಕೂಲಿಗೆ ಹೋಗುವಾಗ ತನ್ನ ಪಾಟಿಚೀಲವನ್ನು ಹೀಗೇ ಎಸೆಯುತ್ತಿದ್ದ. ಈಗಲೂ ಕರವಸ್ತ್ರ ತೆಗೆದು ಕಿಟಕಿಯ ತನಕ ಕೈ ಎತ್ತಿದ. ಯಾರಾದರೂ ನೋಡುತ್ತಿದ್ದಾರೆಯೇ ಎಂದು ಒಂದು ಗಳಿಗೆ ತಡೆದ. ಆ ಗಳಿಗೆಯಲ್ಲಿ ಸೀಟು ಹೋಯಿತು. ಒಳಗೆ ಹೋಗಿ ಕಂಬ ಹಿಡಿದು ನಿಂತವನಿಗೆ, ಪುಸ್ತಕ ಎದೆಗವಚಿಕೊಂಡ ಹುಡುಗಿಯೊಬ್ಬಳು ಎದ್ದು, "ಅಜ್ಜಾರ, ನೀವು ಕೂಡ್ರಿ" ಅಂದಳು. ಬೇಡ ಅನ್ನಬೇಕೆನ್ನುವಷ್ಟರಲ್ಲಿ ಡ್ರೈವರು ಗಾಡಿ ಎಳೆದ, ನಾಗಣ್ಣ ತಾನಾಗಿ ಕೂತಹಾಗಾಯಿತು. ಐವತ್ತೆಂಟು ವರ್ಷ. ಅಜ್ಜಾರ. ಮೀಸೆಗೆ ಬಣ್ಣ ಹಚ್ಚುವುದನ್ನು ಜೀಪಿನ ಜೊತೆಗೇ ಬಿಟ್ಟದ್ದು ತಪ್ಪಾಯಿತೇನೋ.

"ಓಹೋ, ರೋಡ್ ಸಾಹೇಬ್ರು ನಮ್ಮ ಗಾಡ್ಯಾಗ." ಕಂಡಕ್ಟರ್ ಗೌಸಮೊಹಿದ್ದೀನ ಜನರ ನಡುವೆ ಓರೆಯಾಗಿ ನುಸುಳುತ್ತ ಬಂದ. ರಸ್ತೆ ಅಗಲವಾಗುವಾಗ ಬಸ್ಸು ನಿಲ್ಲಿಸಿಕೊಂಡು ಧೂಳು ಕುಡಿದವರಲ್ಲಿ ಅವನೂ ಒಬ್ಬ, ಮುಖ ಮರೆತಿರಲಿಲ್ಲ. "ಜೀಪು ಪಂಚರ್ ಆಯ್ತೇನ್ರಿ?"

"ಇಲ್ಲಪಾ, ಡ್ಯೂಟಿ."

"ನಾವು ಇಪ್ಪತ್ತೆರಡು ವರ್ಷದಿಂದ ಇದಕ್ಕ ಡ್ಯೂಟಿ ಅನ್ನಾಕತ್ತೇವಿ, ಮನ್ಯಾಗ ಸುದ್ದಾ ಯಾರೂ ನಂಬಂಗಿಲ್ಲ. ಇರ್ಲಿ, ಹೇಳ್ರಿ."

ಆ 'ಹೇಳ್ರಿ'ಯನ್ನು ನಾಗಣ್ಣ ಗಮನಿಸಿದ. ಮುಂದಿನ ಸೀಟಿನಲ್ಲೂ ಗೌಸಮೊಹಿದ್ದೀನ ಹೇಳ್ರಿ ಅಂದ, ಹಿಂದಿನದರಲ್ಲೂ ಹೇಳವ್ವಾ ಅಂದ. ಇಪ್ಪತ್ತೆರಡು ವರ್ಷದಲ್ಲಿ ಎಷ್ಟು ಲಕ್ಷ ಜನರಿಗೆ ಚೀಟಿ ಹರಿದಿದ್ದಾನೋ, ಎಲ್ಲಿಗೆ ಎಂದು ಒಬ್ಬರನ್ನೂ ಕೇಳಿದಹಾಗೆ ಕಾಣುವುದಿಲ್ಲ. ಕೇಳಬಾರದು. ಹೊರಟವರನ್ನು ಎಲ್ಲಿಗೆ ಎಂದು ತಡೆದು ಕೇಳಿದರೆ ಹೋದ ಕೆಲಸ ಕೆಡುತ್ತದೆ. ಹಾಗೆ ಕೇಳಿಸಿಕೊಂಡವರು ಮನೆಯೊಳಗೆ ವಾಪಸು ಹೋಗಿ, ಕೂತು, ಒಂದು ಗುಟುಕು ನೀರು ಕುಡಿದು ಮತ್ತೆ ಹೊರಡಬೇಕು. ತೀರ ಕೇಳಲೇಬೇಕೆಂದರೆ ದೂರ ಹೊಂಟೀರೇನು ಅನ್ನಬೇಕು. ಅದಕ್ಕೂ ಉತ್ತರ ಒಂದೇ: ಇಲ್ಲೇ. ಕಾಶಿಗೆ ಹೊರಟವರೂ ಇಲ್ಲೇ ಅನ್ನುತ್ತಾರೆ. ಈ ಮಾತನ್ನು ನಾಗಣ್ಣನಿಗೆ ಯಾರೂ ಕಲಿಸಿರಲಿಲ್ಲ, ಉಣ್ಣುವಾಗ ಯಾವ ಕೈ ಎಂಬುದನ್ನು ಯಾರೂ ಕಲಿಸದಿರುವ ಹಾಗೆ. ಅಂದೋಲಾದಲ್ಲಿ ಮಾಸ್ತರನಾಗಿದ್ದ ಅಪ್ಪ ಮಾತ್ರ ನಗುತ್ತಿದ್ದ. ಶರಣರ ಮನೆಯಲ್ಲಿ ಶಕುನ ಎಂಥದು ಅಂತ ಬೇಕೆಂದೇ ದನಿ ಎತ್ತಿ, ಹೊಸ್ತಿಲು ದಾಟುತ್ತಿದ್ದ ಅವ್ವನಿಗೆ, ಎಲ್ಲಿಗೆ ಹೊಂಟಿ ಅನ್ನುತ್ತಿದ್ದ. ಅವ್ವ ವಾದ ಮಾಡುತ್ತಿರಲಿಲ್ಲ. ಒಳಗೆ ಬಂದು, ಕೂತು, ನೀರು ಕುಡಿದು, ಗಂಡನ ಮುಂದೆಯೇ ಎದ್ದು ಹೋಗುತ್ತಿದ್ದಳು. ಅಪ್ಪನ ಹೊಳೆಯುವ ಹಣೆಯ ಮೇಲಿನ ವಿಭೂತಿಯೂ ಸರಿ, ಅವ್ವನ ಗಂಟಲಲ್ಲಿ ಇಳಿಯುವ ನೀರಿನ ಗುಟುಕೂ ಸರಿ ಅನ್ನಿಸುತ್ತಿದ್ದ ಆ ಹುಡುಗ ಮುಂದೆ ಎಂಜಿನಿಯರಾದ.

ಪಕ್ಕದ ಕಿಟಕಿಯ ಹತ್ತಿರ ಕೂತಿದ್ದ ಹೆಂಗಸು ತನ್ನ ಎಡಗೈಯನ್ನು ಟವೆಲ್ಲಿನಲ್ಲಿ ಸುತ್ತಿ ಎಳೆಗೂಸಿನ ಹಾಗೆ ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ಅರವತ್ತರ ಆಸುಪಾಸು. ಬಸ್ಸು ತಿರುವಿನಲ್ಲಿ ವಾಲಿದಾಗ ನಾಗಣ್ಣನ ಮೊಳಕೈ ಅತ್ತ ಹೋಯಿತು.

"ಜರಾ ಸರಕೊಂಡು ಕೂಡಪಾ ತಮ್ಮಾ. ಈ ಕೈಗೆ ತಾಕಬ್ಯಾಡ."

"ತಪ್ಪಾಯ್ತವ್ವಾ. ಏನಾರ ಪೆಟ್ಟಾಗೇದೇನು?"

"ಪೆಟ್ಟಲ್ಲ. ನರ ಕೂಡಿಸಿ ಹೊಲದಾರ."

ಅಷ್ಟಕ್ಕೇ ನಿಲ್ಲಿಸಿದಳು. ನಾಗಣ್ಣನೂ ನಿಲ್ಲಿಸಬಹುದಾಗಿತ್ತು. ಆದರೆ ಹನ್ನೊಂದು ದಿನದಿಂದ ಒಳಗೆ ಕೊರೆಯುತ್ತಿದ್ದದ್ದು, ತೊಗರಿ ಹೊಲಗಳು ಸರಿಯುತ್ತಿದ್ದ ಆ ಕಿಟಕಿಯ ಕಡೆಗೆ ನೋಡುತ್ತ, ತನ್ನ ಲೆಕ್ಕ ಸರಿಯೋ ತಪ್ಪೋ ಪರೀಕ್ಷೆ ಮಾಡಿಬಿಡೋಣ ಅನ್ನುವಹಾಗೆ ಬಾಯಿಗೆ ಬಂತು. "ದೂರ ಹೊಂಟೀರೇನವ್ವಾ?"

"ಇಲ್ಲೇ" ಅಂದಳು ಆಕೆ.

ಒಂದು ಮೈಲು ಹೋಗಿರಬೇಕು. ಊರು ಹಿಂದೆ ಬಿತ್ತು. ಬಸ್ಸಿಗೆ ವೇಗ ಬಂದ ಮೇಲೆ ಆಕೆ ತಾನಾಗಿಯೇ, ಕಿಟಕಿಗೆ ಹೇಳುವಹಾಗೆ ಹೇಳತೊಡಗಿದಳು. ಹೆಸರು ಗುರುಬಾಯಿ. ಚೌಡಾಪುರದಿಂದ ಒಳಗೆ ಎರಡು ಹರದಾರಿ ಊರು. ಕಿಡ್ನಿ ಕೆಟ್ಟಿದ್ದರಿಂದ ವಾರಕ್ಕೆ ಮೂರು ದಿನ ದೊಡ್ಡ ದವಾಖಾನೆಗೆ ಮಷೀನಿನಲ್ಲಿ ರಕ್ತ ತೊಳೆಸಿಕೊಳ್ಳಲು ಹೋಗುತ್ತಾಳೆ. ಹತ್ತೂವರೆಗೆ ಆಕೆಯ ಪಾಳಿ. ಸ್ಟ್ಯಾಂಡಿನಲ್ಲಿ ಇಳಿದು, ಆಳಂದದ ಕಡೆ ಹೋಗುವ ಇನ್ನೊಂದು ಬಸ್ಸು ಹತ್ತಿ, ದವಾಖಾನೆಯ ಮುಂದೆ ಇಳಿಯಬೇಕು. ಆ ಇನ್ನೊಂದು ಬಸ್ಸು ಸಿಕ್ಕರೆ ಸಿಕ್ಕಿತು, ಇಲ್ಲವಾದರೆ ಮಷೀನು ಮುಂದಿನವರಿಗೆ ಕೊಡುತ್ತಾರೆ, ಆಮೇಲೆ ನಾಲ್ಕರ ತನಕ ವರಾಂಡದಲ್ಲಿ ಕೂಡಬೇಕು. ಹಾಗೆ ಕೂತ ದಿನ ವಾಪಸು ಬರುವಾಗ ಕಾಲು ಎರಡು ಮಣ ಭಾರ.

"ನೇರ ಬಸ್ಸು ಇದ್ರ?" ಅಂದ ನಾಗಣ್ಣ. ಅವನ ದನಿ ಅವನಿಗೇ ಕಳ್ಳನ ದನಿಯ ಹಾಗೆ ಕೇಳಿಸಿತು.

"ಇದ್ರ ಅನ್ನೂದು ಬಿಡು. ನೀರಿದ್ರ ಈ ಹಳ್ಳಾನೂ ಹೊಳೀನೇ." ಗುರುಬಾಯಿ ಟವೆಲ್ಲು ಸರಿಸಿ ಕೈ ತೋರಿಸಿದಳು. ಮುಂಗೈಯ ಮೇಲೆ ನರವೊಂದು ಹಗ್ಗದ ಗಂಟಿನ ಹಾಗೆ ಎದ್ದಿತ್ತು. "ಮ್ಯಾಲ ಬಟ್ಟು ಇಟ್ಟು ನೋಡು. ಒತ್ತಬ್ಯಾಡ. ಒಳಗ ಜೇನು ಗುಂಯ್ ಅಂತದ. ಅದು ಅನ್ನಾಕತ್ತದಂದ್ರ ನಾ ಅದೇನಿ. ಮುಂಜಾನಿ ಎದ್ದ ಕೂಡ್ಲೆ ದೇವರ ಮುಖ ನೋಡಂಗಿಲ್ಲ, ಇದನ್ನ ಕಿವಿಗಿಟ್ಟು ಕೇಳ್ತೇನಿ."

ನಾಗಣ್ಣ ಬೆರಳಿಟ್ಟ. ಗುಂಯ್ ಅನ್ನುತ್ತಿತ್ತು. ಬಸ್ಸಿನ ಎಂಜಿನ್ನೋ ಅದೋ ಎಂದು ಒಂದು ಗಳಿಗೆ ಗೊತ್ತಾಗದೆ ಬೆರಳು ತೆಗೆದುಕೊಂಡ.

"ಹ್ವಾದ ತಿಂಗಳು ಇಬ್ಬರು ಬಂದಿದ್ರು" ಎಂದಳು ಗುರುಬಾಯಿ. "ಕೊಳ್ಳಾಗ ಬಿಲ್ಲೆ ಹಾಕ್ಕೊಂಡು. ಗಾಡಿ ಹತ್ತೂ ಹೊತ್ತಿನ್ಯಾಗ ಎಲ್ಲಿಗೆ ಹೊರಟಿದ್ದೀರಿ, ಎಲ್ಲಿಗೆ ಹೊರಟಿದ್ದೀರಿ. ಪುಸ್ತಕದ ಮಾತು. ಸೂಜಿ ಚುಚ್ಚಿಸಿಕೊಳ್ಳಾಕ ಹೊಂಟಾಕಿನ್ನ ಹಂಗ ಕೇಳ್ತಾರೇನು? ಇಲ್ಲೇ ಅಂದೆ. ನನ್ನ ಹಿಂದಿನಾಕಿ ಆಳಂದಕ್ಕ ಮಗಳ ಬಾಣಂತನಕ್ಕ ಹೊಂಟಾಕಿ, ತಲಿ ಮ್ಯಾಲ ಅಂಟಿನ ಉಂಡಿ ಡಬ್ಬಿ. ಆಕೀನೂ ಇಲ್ಲೇ ಅಂದ್ಲು."

"ಮತ್ತ ಅವರೇನಂದ್ರು?"

"ಇಲ್ಲೇ ಅಂದ್ರ ಎಷ್ಟು ದೂರ ಅಂದ. ಇಲ್ಲೇ ಅಂದ್ರ ಇಲ್ಲೇನಪಾ, ನಿನ್ನ ಪಗಾರ ಹೆಚ್ಚಾಗ್ಲಿ, ಹೋಗು ಅಂದೆ." ಹಿಂದಿನ ಸೀಟಿನಲ್ಲಿ ಯಾರೋ ನಕ್ಕರು. ಗುರುಬಾಯಿ ನಗಲಿಲ್ಲ. "ಅವೇನು ಮಾಡ್ಯಾವು, ಬರದ್ದು ಓದ್ತಾವ. ಹಂತಾ ಸವಾಲು ಬರದಾನಲ್ಲ, ಅವನ ಮನ್ಯಾಗ ಹೆಣ್ಣಮಕ್ಕಳು ಇಲ್ಲೇನೋ."

ಇದ್ದಳು. ಶಾಂಭವಿ ಇದ್ದಳು. ಇವತ್ತು ಮುಂಜಾನೆಯೂ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟು, ಬಾಗಿಲ ತನಕ ಬಂದು, ಗಂಡ ಹೊರಡುವಾಗ ಏನೂ ಕೇಳದೆ ನಿಂತಿದ್ದಳು. ಹದಿನೇಳು ವರ್ಷದ ಹಿಂದೆ ಆಕೆ ಹೀಗೇ ಚೀಲ ಹಿಡಿದು ಚಪ್ಪಲಿ ಮೆಟ್ಟುತ್ತಿದ್ದಾಗ ನಾಗಣ್ಣ ಒಳಗಿನಿಂದ, ಯಾವುದೋ ಕಲ್ವರ್ಟಿನ ನಕಾಶೆಯಿಂದ ತಲೆ ಎತ್ತದೆ, ಎಲ್ಲಿಗೆ ಹೊಂಟಿ ಅಂದಿದ್ದ. ಅಫಜಲಪುರದಿಂದ ಫೋನು ಬಂದದ್ದು, ತಾಯಿಗೆ ಆರಾಮಿಲ್ಲವೆಂದು ಆಕೆ ಎರಡು ಸಲ ಹೇಳಿದ್ದು, ತಾನು ಎರಡು ಸಲವೂ ಹೂಂ ಅಂದದ್ದು ಯಾವುದೂ ತಲೆಯಲ್ಲಿರಲಿಲ್ಲ. ಶಾಂಭವಿ ಚಪ್ಪಲಿ ಬಿಟ್ಟಳು. ಒಳಗೆ ಬಂದಳು, ಚಾಪೆಯ ಮೇಲೆ ಕೂತಳು, ನೀರು ಕುಡಿದಳು. ಆ ನೀರು ಇಳಿಯುವ ಸದ್ದು ಅವ್ವನದೇ ಸದ್ದು. ಹನ್ನೊಂದರ ಬಸ್ಸು ಹೋಗಿತ್ತು. ಒಂದೂವರೆಯದು ಹಿಡಿದು ಹೋದಾಗ ತಾಯಿಗೆ ಮಾತು ನಿಂತುಹೋಗಿತ್ತು. ಮೂರು ದಿನ ಕಣ್ಣು ತೆರೆದೇ ಇದ್ದು ಹೋದಳಂತೆ. ಮಣ್ಣು ಮಾಡಿ ಬಂದ ಮೇಲೆ ಶಾಂಭವಿ ಆ ಸುದ್ದಿ ಎತ್ತಲಿಲ್ಲ, ಯಾವ ಜಗಳದಲ್ಲೂ ಎತ್ತಲಿಲ್ಲ. ಎತ್ತಿದ್ದರೆ ನಾಗಣ್ಣ ಅಪ್ಪನ ಹಾಗೆ ಶರಣರ ಮನೆ, ಶಕುನ ಎಂದೆಲ್ಲ ವಾದ ಮಾಡಿ ಗೆಲ್ಲುತ್ತಿದ್ದ. ನಂಬದವನಿಗೆ ಪ್ರಾಯಶ್ಚಿತ್ತ ಇಲ್ಲ, ಅದೇ ದೊಡ್ಡ ಕಷ್ಟ. ಶಕುನ ಸುಳ್ಳು, ಸರಿ. ಆದರೆ ಬಸ್ಸು ತಪ್ಪಿದ್ದು ಸುಳ್ಳಲ್ಲವಲ್ಲ.

ಅಂಥವನ ಕೈಗೆ ಅನುರಾಧಾ ಮೇಡಂ ಸರ್ವೆಯ ಫಾರಂ ಕೊಟ್ಟಿದ್ದರು. ನೀವು ಈ ಭಾಗದವರು, ಜನರಿಗೆ ತಿಳಿಯುವ ಕನ್ನಡದಲ್ಲಿ ಮಾಡಿಕೊಡಿ. ಇಂಗ್ಲಿಷಿನಲ್ಲಿ ಹದಿನಾಲ್ಕು ಪ್ರಶ್ನೆ. ಚೀಟಿಯ ಮಷೀನಿನಿಂದ ಅರ್ಧ ದಾರಿ ಮಾತ್ರ ಗೊತ್ತಾಗುತ್ತದೆ, ಎಲ್ಲರ ಚೀಟಿಯೂ ಬಸ್‌ಸ್ಟ್ಯಾಂಡಿಗೆ ಮುಗಿಯುತ್ತದೆ, ಅಲ್ಲಿಂದ ಮುಂದೆ ಯಾರು ಎಲ್ಲಿ ಹೋದರೆಂಬುದಕ್ಕೇ ಈ ಸರ್ವೆ ಎಂದು ಮೇಡಂ ಬಿಡಿಸಿ ಹೇಳಿದ್ದರು. ನೂರ ನಾಲ್ವತ್ತು ಕಿಲೋಮೀಟರು ರಸ್ತೆ ಹಾಕಿಸಿದವನಿಗೆ ಗುಮಾಸ್ತನ ಕೆಲಸ. ನಾಗಣ್ಣ ಆ ಮಧ್ಯಾಹ್ನ ಮೊದಲ ಪ್ರಶ್ನೆಯ ಮುಂದೆ ಕೂತಾಗ ಫ್ಯಾನು ತಿರುಗುತ್ತಿತ್ತು, ಹೊರಗೆ ಯಾರೋ ಹಳೆಯ ಬೋರ್ಡು ಇಳಿಸುತ್ತಿದ್ದರು. 'ಎಲ್ಲಿಗೆ' ಎಂದು ಬರೆದು ಪೆನ್ನು ನಿಂತಿತ್ತು. ಇದು ಅವನಿಗೆ ಚೆನ್ನಾಗಿ ನೆನಪಿದೆ, ಯಾವ ನೆವ ಹೇಳಿದರೂ ಇದನ್ನು ಅಳಿಸಲಾಗದು: ಪೆನ್ನು ನಿಂತಿತ್ತು. ಶಾಂಭವಿ ಚಾಪೆಯ ಮೇಲೆ ಕೂತದ್ದು ಕಣ್ಣ ಮುಂದೆ ಬಂದಿತ್ತು. ಆಮೇಲೆ ಪೆನ್ನು ಮುಂದೆ ಹೋಯಿತು: 'ಎಲ್ಲಿಗೆ ಹೊರಟಿದ್ದೀರಿ?' ಮೂಢನಂಬಿಕೆಗೆ ತಾನು ಬಗ್ಗುವವನಲ್ಲ ಎಂಬ ಅಪ್ಪನ ಗರ್ವವೋ, ಹೇಳಿದರೆ ಈ ಮೈಸೂರಿನ ಕಡೆಯವರು ನಗುತ್ತಾರೆಂಬ ನಾಚಿಕೆಯೋ, ಅಥವಾ ಕೆಳಗೆಲ್ಲೋ, ಆಗಲಿ, ಇವರ ಬಸ್ಸಿನ ಕನಸು ಒಮ್ಮೆ ಮಣ್ಣು ಮುಕ್ಕಲಿ ಎಂಬ ಹೊಟ್ಟೆಕಿಚ್ಚೋ. ಮೂರೂ ಇದ್ದಿರಬೇಕು. ಯಾವುದು ಎಷ್ಟು ಎಂದು ಅಳೆಯಲು ಟೇಪು ಇಲ್ಲ.

ಹನ್ನೊಂದು ದಿನದ ಹಿಂದೆ, ಸರ್ವೆ ಮಾಡಿದ ಸಂಸ್ಥೆಯ ಅಜಯಕುಮಾರ ಗೋಡೆಯ ಮೇಲೆ ಬಣ್ಣದ ಚಿತ್ರ ತೋರಿಸಿದ್ದ. ಅಫಜಲಪುರದ ರಸ್ತೆಯಲ್ಲಿ ನೂರಕ್ಕೆ ಅರವತ್ತೊಂದು ಜನ ಕೊಟ್ಟ ಉತ್ತರ 'ಇಲ್ಲೇ'. ಅದನ್ನು ಬಸ್‌ಸ್ಟ್ಯಾಂಡಿನಿಂದ ಎರಡು ಕಿಲೋಮೀಟರಿನ ಒಳಗಿನ ಪ್ರಯಾಣವೆಂದು ಹಾಕಿಕೊಂಡಿದ್ದೇವೆ. ಆದ್ದರಿಂದ ನೇರ ಮಾರ್ಗಕ್ಕೆ ಬೇಡಿಕೆಯಿಲ್ಲ, ಸ್ಟ್ಯಾಂಡಿನ ಸುತ್ತ ಮಿನಿಬಸ್ಸು ಸಾಕು. ಪಕ್ಕದಲ್ಲಿ ಕೂತ ರಸ್ತೆ ವಿಭಾಗದ ಸಿದ್ದಲಿಂಗ ಮೇಜಿನ ಕೆಳಗೆ ನಾಗಣ್ಣನ ಮೊಣಕಾಲು ತಟ್ಟಿ, "ಕೇಳಿದಿರೇನ್ರಿ, ಜನಕ್ಕ ಬಸ್ಸೇ ಬ್ಯಾಡಂತ" ಅಂದ. ಆಗ ನಾಗಣ್ಣನ ನಾಲಿಗೆಯ ಮೇಲೆ ಬೆಲ್ಲ ಇಟ್ಟಹಾಗಾಗಿತ್ತು. ಅವನು ನಿಜವಾಗಿಯೂ ಉಗುಳು ನುಂಗಿದ್ದ.

ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದರು. ಒಂಬತ್ತು ಐವತ್ತು. ಸೀಟು ಬಿಟ್ಟುಕೊಟ್ಟ ಹುಡುಗಿ ಯೂನಿವರ್ಸಿಟಿಗೆ ಹೋಗುವ ಕಡಗಂಚಿಯ ಬಸ್ಸು ಹುಡುಕುತ್ತ ಓಡಿದಳು. ಗುರುಬಾಯಿ ಮೆಟ್ಟಿಲಿನಲ್ಲಿ ಒಂದೊಂದೇ ಕಾಲು ಇಡುತ್ತ ಇಳಿದು, ಕೈಯನ್ನು ಎದೆಗೊತ್ತಿಕೊಂಡು, ಸ್ಟ್ಯಾಂಡಿನ ಆ ತುದಿಗೆ ನಡೆಯತೊಡಗಿದಳು. ಆ ತುದಿಯಲ್ಲಿ ಬಸ್ಸು ಇರಲಿಲ್ಲ. ನಾಗಣ್ಣ ಅವಳ ಹಿಂದೆ ಹತ್ತು ಹೆಜ್ಜೆ ಹೋದ, ನಿಂತ, ಮತ್ತೆ ಹೋದ.

"ಯವ್ವಾ, ಆಟೋ ಮಾಡಿಕೊಡ್ತೇನಿ, ಬರ್ರಿ. ಹೊತ್ತಾಗ್ತದ."

ಗುರುಬಾಯಿ ತಿರುಗಿ ಅವನನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು. "ನಾಡದು ಯಾರು ಮಾಡಿಕೊಡಾವರು? ಅದರ ಮುಂದಿನ ಪಾಳಿಗೆ? ರೂಢಿ ಕೆಡಸಬ್ಯಾಡಪಾ ತಮ್ಮಾ. ನಿನ್ನ ಕೆಲಸಕ್ಕ ನೀ ಹೋಗು."

ನಿನ್ನ ಕೆಲಸಕ್ಕೆ ನೀ ಹೋಗು. ಬೈದದ್ದಲ್ಲ, ಸುಮ್ಮನೆ ಹೇಳಿದ್ದು. ನಾಗಣ್ಣ ಕಂಬದ ಮರೆಗೆ ನಿಂತು ಗಡಿಯಾರ ನೋಡುತ್ತ ಉಳಿದ. ಹತ್ತು ಗಂಟೆ. ಹತ್ತೂ ಕಾಲು. ಆಳಂದದ ಬಸ್ಸು ಹತ್ತು ಮೂವತ್ತೆರಡಕ್ಕೆ ಬಂತು. ಅದಕ್ಕೂ ಟವೆಲ್ಲುಗಳು ಬಿದ್ದವು. ಗುರುಬಾಯಿ ಒಂದೇ ಕೈಯಲ್ಲಿ ಸರಳು ಹಿಡಿದು ಹತ್ತಿದ್ದು ಕಾಣಿಸಿತು, ಸೀಟು ಸಿಕ್ಕಿತೋ ಇಲ್ಲವೋ ಕಾಣಿಸಲಿಲ್ಲ. ನಲವತ್ತೆರಡು ನಿಮಿಷ. ಇದೇ ನಲವತ್ತೆರಡು ನಿಮಿಷ ಉಳಿಸಲು ತಾನು ಎಷ್ಟು ಮನೆಗಳ ಕಟ್ಟೆ ಒಡೆಸಿ ಆ ರಸ್ತೆ ಅಗಲ ಮಾಡಿಸಿದ್ದ. ಜೀಪಿಗೆ ಉಳಿದಿತ್ತು, ಹೌದು.

ಆಫೀಸಿನಲ್ಲಿ ಅವನಿಗೆ ಕೂತಲ್ಲಿ ಕೂಡಲಾಗಲಿಲ್ಲ. ಬುತ್ತಿ ಬಿಚ್ಚಿ, ರೊಟ್ಟಿ ಮುರಿದು, ಮತ್ತೆ ಕಟ್ಟಿದ. ಎರಡು ಗಂಟೆಗೆ ಮಾಳಿಗೆಯ ಮೇಲೆ ಹೋಗಿ, ನೀರಿನ ಟಾಕಿಯ ನೆರಳಿನಲ್ಲಿ ನಿಂತು ಮನೆಗೆ ಫೋನು ಹಚ್ಚಿದ.

"ಉಂಡ್ರೇನು?" ಅಂದಳು ಶಾಂಭವಿ.

"ಉಂಡೆ. ಒಂದು ಮಾತು ಕೇಳೂದಿತ್ತು. ನಿಮ್ಮವ್ವಗ ಆರಾಮಿಲ್ಲದಾಗ, ಅವತ್ತು ನಾ ಕೇಳದೇ ಇದ್ದಿದ್ರ ನಿನಗ ಹನ್ನೊಂದರ ಬಸ್ಸು ಸಿಗ್ತಿತ್ತಲ್ಲ?"

ಆ ಕಡೆ ಕುಕ್ಕರು ಕೂಗಿತು.

"ಸಿಗ್ತಿತ್ತು" ಅಂದಳು.

ಹದಿನೇಳು ವರ್ಷದಲ್ಲಿ ಮೊದಲನೆಯ ಸಲ.

"ಈಗ್ಯಾಕ ಅದು?" ಅಂದಳು ಆಕೆಯೇ. "ಬಿಸಲಾಗ ನಿಂತೀರೇನು, ದನಿ ಹಂಗ್ಯಾಕದ? ಒಳಗ ಹೋಗ್ರಿ ಮೊದಲ."

ಮೂರಕ್ಕೆ ಮೀಟಿಂಗು ಸುರುವಾಯಿತು. ಅಜಯಕುಮಾರ ಪಟ್ಟಿ ಓದಿದ. ಆರನೆಯದರಿಂದ ಎಂಟನೆಯದಕ್ಕೆ ಹೋದ. ತಾನು ಎದ್ದು ನಿಂತದ್ದು ನಾಗಣ್ಣನಿಗೆ ಸಿದ್ದಲಿಂಗ ತಲೆ ಎತ್ತಿ ನೋಡಿದಾಗಲೇ ತಿಳಿಯಿತು. ಕೂತೇ ಮಾತಾಡುವ ಮೀಟಿಂಗಿನಲ್ಲಿ ಎದ್ದು ನಿಂತವನು ಶಾಲೆಯ ಹುಡುಗನ ಹಾಗೆ ಕಾಣುತ್ತಾನೆ.

"ಮೇಡಂ, ಆ ಇಲ್ಲೇ ಅನ್ನೂದು ಇಲ್ಲೇ ಅಲ್ರಿ."

ಎಲ್ಲರೂ ನಕ್ಕರು. ಅವನೂ ನಗಲು ಹೋಗಿ ಬಿಟ್ಟ. ಹೇಗೋ ಹೇಳಿದ. ಹೊರಟವರು, ಹೊಸ್ತಿಲು, ನೀರು, ದವಾಖಾನೆಗೆ ಹೋಗುವವಳ ಕೈ, ಅಂಟಿನ ಉಂಡೆಯ ಡಬ್ಬಿ ಎಲ್ಲ ಹಿಂದುಮುಂದಾಗಿ ಬಂದವು. ಹೇಳುತ್ತಿದ್ದಂತೆ ಇದು ಎಷ್ಟು ಸಣ್ಣ ಮಾತು, ಅಡುಗೆಮನೆಯ ಮಾತು ಅನ್ನಿಸಿ ಕಿವಿ ಬಿಸಿಯಾಯಿತು.

"ಸಾರ್" ಎಂದ ಅಜಯಕುಮಾರ ಮರ್ಯಾದೆಯಿಂದಲೇ, "ಇದು ನಂಬಿಕೆ. ನನ್ನ ಹತ್ತಿರ ನಾಲ್ಕು ಸಾವಿರ ಫಾರಂ ಇದೆ."

"ನಾಲ್ಕು ಸಾವಿರ ಮಂದೀನ ತಪ್ಪು ಹೊತ್ತಿನ್ಯಾಗ ಕೇಳೀರಿ. ಹೋಗಾವರನ್ನ ಕೇಳಬಾರದ್ರಿ, ಬಂದವರನ್ನ ಕೇಳಬೇಕು. ದವಾಖಾನಿ ಮುಂದ ನಿಂತು, ಕಡಗಂಚ್ಯಾಗ ನಿಂತು, ಎಲ್ಲಿಂದ ಬಂದ್ರಿ ಅಂತ ಕೇಳ್ರಿ. ಮುತ್ತ್ಯಾನ ಊರಿನಿಂದ ಹಿಡಕೊಂಡು ಹೇಳ್ತಾರ."

ಈ ಸಲ ಯಾರೂ ನಗಲಿಲ್ಲ. ಅನುರಾಧಾ ಮೇಡಂ ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡುತ್ತಿದ್ದರು. "ನಾಗಣ್ಣ ಅವರೇ, ಕನ್ನಡದ ಫಾರಂ ನೀವೇ ಮಾಡಿದ್ದಲ್ಲವೇ?"

"ಹೌದ್ರಿ."

"ಆಗ ಇದು ಹೊಳೆಯಲಿಲ್ಲವೇ?"

ಅವರು ಕೇಳಿದ ರೀತಿಯಲ್ಲಿ ಒಂದು ಬಾಗಿಲು ತೆರೆದೇ ಇತ್ತು. ಹೊಳೀಲಿಲ್ಲ ಮೇಡಂ ಎಂದರೆ ಮುಗಿಯಿತು. ಎಲ್ಲರಿಗೂ ಆಗುವಂಥದ್ದೇ ಎಂದು ಮುಂದೆ ಹೋಗುತ್ತಾರೆ. ಸಿದ್ದಲಿಂಗ ಮೇಜಿನ ಕೆಳಗೆ ಮತ್ತೆ ಮೊಣಕಾಲು ತಟ್ಟಿದ, ಈ ಸಲ ಬೇರೆ ಅರ್ಥದಲ್ಲಿ. ನಿವೃತ್ತಿಗೆ ಹದಿನಾಲ್ಕು ತಿಂಗಳಿತ್ತು.

"ಹೊಳದಿತ್ತ್ರಿ" ಎಂದ ನಾಗಣ್ಣ.

ಮೇಡಂ ಅವನನ್ನು ಬಹಳ ಹೊತ್ತು ನೋಡಲಿಲ್ಲ; ಗಡಿಯಾರ ನೋಡಿದರು. "ಐದಕ್ಕೆ ಪಟ್ಟಿ ಹೋಗಬೇಕು. ಬಾಯಿಮಾತಿನ ಮೇಲೆ ನಾನು ಏನನ್ನೂ ತಡೆಯಲಾರೆ. ಫಾರಂನಲ್ಲಿ ಏನು ತಪ್ಪಿದೆ, ಹೇಗಾಯಿತು, ಬರೆದು ಸಹಿ ಮಾಡಿ ಕೊಡಿ. ಏಳನೆಯ ಮಾರ್ಗವನ್ನು ತೆಗೆಯದೆ ಮರುಸರ್ವೆಗೆ ಇಡುತ್ತೇನೆ. ಅದರಿಂದ ನಿಮಗೆ ಏನಾಗುತ್ತದೆ ಅನ್ನುವುದನ್ನು ಆಮೇಲೆ ನೋಡೋಣ."

ಕೆಳಗಿನ ಮಹಡಿಯಲ್ಲಿ ಟೈಪು ಮಾಡುವ ವಿಜಯಶ್ರೀ ಅವನು ಕೈಯಿಂದ ಬರೆದ ಹಾಳೆಯನ್ನು ಎರಡು ಸಲ ಓದಿದಳು. ಗಂಟೆ ನಾಲ್ಕೂ ಇಪ್ಪತ್ತು. ನಾಗಣ್ಣ ಕುರ್ಚಿ ಎಳೆದು ಕೂತ, ಎದ್ದ, ಕಪಾಟಿನ ಮೇಲಿನ ಹಳೆಯ ಫೈಲುಗಳ ಬೆನ್ನು ಓದಿದ. ಅರ್ಧಕ್ಕರ್ಧ ಅವನವೇ ರಸ್ತೆಗಳು.

"ಸರ್, 'ಗೊತ್ತಿದ್ದೂ' ಅಂತ ಬರದೀರಲ್ರಿ."

"ಹೂಂ."

"'ಕಣ್ತಪ್ಪಿನಿಂದ' ಅಂತ ಹಾಕ್ಲೇನ್ರಿ? ಎಲ್ಲಾರೂ ಹಂಗೇ ಹಾಕಸ್ತಾರ. ಹ್ವಾದ ವರ್ಷ ಒಂದು ಮೋರಿ ಕುಸಿದದ್ದು ಸುದ್ದಾ ಕಾಗದದಾಗ ಕಣ್ತಪ್ಪೇ ಇತ್ತು. ಕೆಲಸ ಅದೇ ಆಗ್ತದಲ್ರಿ, ನಿಮಗ ತ್ರಾಸ ಇರಂಗಿಲ್ಲ."

ಹುಡುಗಿ ಒಳ್ಳೆಯ ಮನಸ್ಸಿನಿಂದ ಹೇಳುತ್ತಿದ್ದಳು. ಕಣ್ತಪ್ಪು. ಇಪ್ಪತ್ತಾರು ವರ್ಷದಲ್ಲಿ ಎಷ್ಟು ಕಡತಗಳಲ್ಲಿ ಆ ಶಬ್ದಕ್ಕೆ ತಾನೇ ಸಹಿ ಹಾಕಿದ್ದ; ಮೆತ್ತನೆಯ ದಿಂಬಿನಂಥ ಶಬ್ದ, ಯಾರ ತಲೆಯನ್ನಾದರೂ ಇಡಬಹುದು. ಮಾರ್ಗ ಉಳಿಯುತ್ತದೆ, ತಾನೂ ಉಳಿಯುತ್ತಾನೆ. ಯಾರಿಗೆ ನಷ್ಟ? ನಾಗಣ್ಣ ಕಿಟಕಿಯ ತನಕ ಹೋಗಿ ಬಂದ.

"ಕಣ್ಣು ತಪ್ಪಿರಲಿಲ್ಲವ್ವಾ" ಅಂದ. "ಕಣ್ಣು ಬರೋಬರಿ ಅಲ್ಲೇ ಇತ್ತು. ಇದ್ದಂಗ ಹಾಕು."

ವಿಜಯಶ್ರೀ ಟೈಪು ಮಾಡಿದಳು. ಪ್ರಿಂಟರು ಹಾಳೆ ಹೊರಗೆ ತಳ್ಳಿತು. ನಾಲ್ಕೂ ನಲವತ್ತು. ಕನ್ನಡಕ ಹಾಕಿಕೊಂಡು ಓದಿದ. 'ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದೆಂಬ ಈ ಭಾಗದ ರೂಢಿ ನನಗೆ ಗೊತ್ತಿದ್ದು, ಸದರಿ ಪ್ರಶ್ನೆಯನ್ನು ನಾನೇ ಬರೆದಿರುತ್ತೇನೆ.' ಏನೋ ಹೊಂದಲಿಲ್ಲ. ಮತ್ತೆ ಓದಿದ. ಅವಸರದಲ್ಲಿ ವಿಜಯಶ್ರೀಯ ಬೆರಳು ಒಂದು ದೀರ್ಘ ಬಿಟ್ಟಿತ್ತು. 'ಗೊತ್ತಿದ್ದೂ' ಹೋಗಿ 'ಗೊತ್ತಿದ್ದು' ಆಗಿತ್ತು. ಅಷ್ಟಕ್ಕೆ ತಪ್ಪೊಪ್ಪಿಗೆ ಯೋಗ್ಯತಾಪತ್ರವಾಗಿಬಿಟ್ಟಿತ್ತು: ಈ ಭಾಗದ ರೂಢಿ ಬಲ್ಲ ಎಂಜಿನಿಯರು, ಪ್ರಶ್ನೆಯನ್ನು ತಾನೇ ಬರೆದಿದ್ದಾನೆ. ಓದಿದವರು ಮೆಚ್ಚಬೇಕು, ಹಾಗಿತ್ತು. ಅವನು ಸುಳ್ಳು ಹೇಳಿಲ್ಲ, ಹೇಳಿಸಿಲ್ಲ. ತಿದ್ದದೆ ಬಿಟ್ಟರೆ ಸಾಕು. ಇದನ್ನು ಕಣ್ತಪ್ಪು ಅಂದರೆ ನಿಜವಾದ ಕಣ್ತಪ್ಪೇ.

"ಸರಿ ಅದ ಏನ್ರಿ ಸರ್? ಹೊತ್ತಾಗಾಕತ್ತದ."

ನಾಗಣ್ಣ ಹಾಳೆಯನ್ನು ಮೇಜಿನ ಮೇಲಿಟ್ಟು, ಅಂಗೈಯಿಂದ ಒತ್ತಿ ಹಿಡಿದು, ಪೆನ್ನು ತೆಗೆದ. 'ದ್ದು' ಅಕ್ಷರದ ಬಲಗಡೆ, ಅಲ್ಪವಿರಾಮದ ಮೊದಲು, ಜಾಗ ಬಹಳ ಇರಲಿಲ್ಲ. ಕೈ ಅಲುಗದಂತೆ ಉಸಿರು ಬಿಗಿಹಿಡಿದು ದೀರ್ಘ ಎಳೆದ. ಅಚ್ಚಾದ ಅಕ್ಷರಗಳ ನಡುವೆ ನೀಲಿ ಶಾಯಿಯ ಆ ಒಂದು ಕೊಂಡಿ ಎದ್ದು ಕಾಣುತ್ತಿತ್ತು. ಕೈಬರಹದಲ್ಲಿ ತಿದ್ದಿದರೆ ತಿದ್ದಿದಲ್ಲಿಯೂ ಸಹಿ ಇರಬೇಕೆಂಬುದು ಆಫೀಸಿನ ನಿಯಮ. ಅಂಚಿನಲ್ಲಿ ಸಣ್ಣದಾಗಿ ಸಹಿ ಮಾಡಿದ, ಕೆಳಗೆ ದೊಡ್ಡದಾಗಿ ಇನ್ನೊಂದು ಮಾಡಿದ, ತಾರೀಖು ಹಾಕಿದ. ಜವಾನನ ಕೈಗೆ ಕೊಡಲು ವಿಜಯಶ್ರೀ ಕೈ ಚಾಚಿದಾಗ ಬೇಡ ಎಂದು ತಲೆಯಾಡಿಸಿ, ಶಾಯಿ ಆರಲೆಂದು ಹಾಳೆಯನ್ನು ಮೈಯಿಂದ ದೂರ ಹಿಡಿದುಕೊಂಡು ಮೆಟ್ಟಿಲು ಹತ್ತತೊಡಗಿದ.